ಹೊರಕ್ಕೆ ವಾಲಿದ ಚಕ್ರ

ಟೈರು ಮತ್ತೆ ಸವೆದಿತ್ತು. ಹೊಸದು ಹಾಕಿಸಿದ ಮೇಲೆ ನಾವಿಬ್ಬರೂ ಹೊರಗೆ ಹೋಗಿ ಬಂದದ್ದು ಒಂದೇ ಸಲ. ಅಷ್ಟಕ್ಕೇ ಎಡಗಡೆಯ ಟೈರಿನ ಅಂಚು ಬೋಳಾಗಿ, ಒಳಗಿನ ನೂಲು ಹಲ್ಲು ಕಿರಿಯುತ್ತಿತ್ತು. ನಮ್ಮವರು ಅಂಗಳದಲ್ಲಿ ಟ್ರೇಲರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಚಹಾ ತಂದುಕೊಟ್ಟೆ. ಲೋಟ ತೆಗೆದುಕೊಂಡರೇ ಹೊರತು ನನ್ನ ಮುಖ ನೋಡಲಿಲ್ಲ.

“ನೋಡಿದ್ಯಾ ನಿನ್ನ ಮಗಳ ಕೆಲಸ?” ಎಂದರು.

ಈ ಮನೆಯಲ್ಲಿ ಅದೊಂದು ಪದ್ಧತಿ. ಒಳ್ಳೆಯದು ಮಾಡಿದಾಗ ಅವರ ಮಗಳು, ಏನಾದರೂ ಕೆಟ್ಟರೆ ನನ್ನ ಮಗಳು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಮೊಸರು ಹುಳಿಯಾದರೂ ಅದು ನನ್ನ ತವರಿನ ಕಡೆಯದೇ.

ನಮ್ಮವರು ಬದುಕೆಲ್ಲ ಲಾರಿ ಓಡಿಸಿದವರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂರಲಾರದೆ ಈ ಟ್ರೇಲರ್ ಕೊಂಡರು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಒಂದು ಕೋಣೆಯ ಮನೆ ಅದು. ಅಡಿಯಲ್ಲಿ ಒಂದೇ ಆಕ್ಸಲ್, ಅದರ ಎರಡು ತುದಿಗೆ ಎರಡು ಚಕ್ರ. ಒಳಗೆ ಒಂದು ಮಂಚ, ಪುಟ್ಟ ಒಲೆ, ಕೈ ತೊಳೆಯುವ ಸಿಂಕು, ಮಡಿಸಿದರೆ ಗೋಡೆಗೆ ಅಂಟಿಕೊಳ್ಳುವ ಮೇಜು. ವರ್ಷದಲ್ಲಿ ಕೆಲವು ತಿಂಗಳು ಎಲ್ಲಾದರೂ ಸುತ್ತುತ್ತೇವೆ. ಉಳಿದ ತಿಂಗಳುಗಳಲ್ಲಿ ಅದು ಅಂಗಳದಲ್ಲೇ ನಿಂತು ನನ್ನ ಹೊಲಿಗೆ ಕೋಣೆಯಾಗುತ್ತದೆ. ನಾನು ದರ್ಜಿ. ಕಣ್ಣಿಗೆ ಕನ್ನಡಕ ಬಂದಿದೆ, ಕೈ ಇನ್ನೂ ನಡುಗಿಲ್ಲ.

ನಮಗಿರುವವಳು ಒಬ್ಬಳೇ ಮಗಳು, ಮನೆಯಲ್ಲಿ ಕರೆಯುವುದು ಪುಟ್ಟಿ ಎಂದು. ಅವಳದು ಕಿವಿ ಪರೀಕ್ಷೆ ಮಾಡುವ ಕೆಲಸ. ಆಸ್ಪತ್ರೆಗೆ ಬರಲಾಗದ ಮಕ್ಕಳು, ಮುದುಕರು ಇರುವ ದೂರದ ಊರುಗಳಿಗೆ ತಾನೇ ಹೋಗಿ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ನೋಡಿ ಬರುತ್ತಾಳೆ. ಅದಕ್ಕೆ ಸದ್ದಿಲ್ಲದ ಕೋಣೆ ಬೇಕು. ಶಾಲೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತದೆ, ಬಾಗಿಲಾಚೆ ಮಕ್ಕಳು ಕೂಗಾಡುತ್ತಾರೆ, ಪರೀಕ್ಷೆ ಕೆಟ್ಟುಹೋಗುತ್ತದೆ. ನಮ್ಮ ಟ್ರೇಲರಿನ ಬಾಗಿಲು ಹಾಕಿ ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಒಳಗೆ ಉಸಿರಾಡುವುದೂ ಕೇಳುತ್ತದೆ. ಅವಳೇ ಅದನ್ನು ಕಂಡುಹಿಡಿದಿದ್ದು. ಅಪ್ಪನನ್ನು ಕೇಳಿ, ಜೀಪನ್ನೂ ಟ್ರೇಲರನ್ನೂ ತೆಗೆದುಕೊಂಡು ಹೊರಟಳು. ಡ್ರೈವಿಂಗ್ ಕಲಿಸಿದ್ದು ಅವಳಪ್ಪನೇ, ಅದೂ ಲಾರಿಯಲ್ಲಿ.

ಆ ಸುತ್ತಿನಿಂದ ಹಿಂತಿರುಗುವಾಗ ಎಡಗಡೆಯ ಟೈರು ಸಿಡಿಯಿತು. ಚಿಂದಿಯಾದ ಟೈರನ್ನು ದಾರಿಯ ಪಂಕ್ಚರ್ ಅಂಗಡಿಯಲ್ಲೇ ಬಿಟ್ಟು, ಸ್ಟೆಪ್ನಿ ಹಾಕಿಸಿಕೊಂಡು ಮನೆಗೆ ಬಂದಳು. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ಇದ್ದರು. ಅವರೆದುರಿಗೇ, ಇದೇ ಅಂಗಳದಲ್ಲಿ, ಇವರು ಕೂಗಾಡಿದರು. ಹಳ್ಳಕ್ಕೆ ಇಳಿಸಿದ್ದೀಯ, ಕಣ್ಣು ಎಲ್ಲಿಟ್ಟಿದ್ದೆ, ಎಂದೆಲ್ಲ ಅಂದರು. ಅಷ್ಟಕ್ಕೆ ಬಿಟ್ಟಿದ್ದರೆ ಅವಳೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪನ ಬಾಯಿ ಅವಳಿಗೆ ಹೊಸದಲ್ಲ. ಕೊನೆಗೆ, “ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟಿದ್ದೇ ನನ್ನ ತಪ್ಪು” ಎಂದುಬಿಟ್ಟರು. ಪುಟ್ಟಿ ಕೀಲಿಕೈ ನನ್ನ ಕೈಗಿಟ್ಟು ಹೊರಟುಹೋದಳು.

ಆಮೇಲೆ ನನಗೆ ಫೋನ್ ಮಾಡುತ್ತಾಳೆ, ಅಪ್ಪನ ಸುದ್ದಿ ಎತ್ತುವುದಿಲ್ಲ. ಅದಕ್ಕಿಂತ ನನ್ನನ್ನು ಸುಡುತ್ತಿದ್ದುದು ಬೇರೆ. ಅವಳು ಗಾಡಿ ಓಡಿಸುವುದನ್ನೇ ಬಿಟ್ಟಿದ್ದಳು. ತನ್ನ ಪುಟ್ಟ ಕಾರನ್ನೂ ಮನೆಯೆದುರು ನಿಲ್ಲಿಸಿ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಹೊರಗಿನ ಸುತ್ತು ಬೇಡ, ಆಸ್ಪತ್ರೆಯಲ್ಲೇ ಕೂತು ಬಂದವರ ಹೆಸರು ಬರೆಯುವ ಕೆಲಸ ಕೊಡಿ ಎಂದು ಕೇಳಿದ್ದಳಂತೆ. ಬರುವ ಸೋಮವಾರದ ಸುತ್ತಿಗೆ ಹೋಗುತ್ತಾಳೋ ಇಲ್ಲವೋ ಹೇಳಬೇಕಿತ್ತು. ಇಲ್ಲ ಎಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ಟ್ರೇಲರ್ ಇದ್ದರೆಷ್ಟು ಹೋದರೆಷ್ಟು. ನನ್ನ ಮಗಳು ಮತ್ತೆ ಸ್ಟೇರಿಂಗ್ ಹಿಡಿಯಬೇಕಿತ್ತು.

“ಆಕ್ಸಲ್ ಬಗ್ಗಿದೆ,” ಎಂದರು ಇವರು, ಚಹಾ ಹೀರುತ್ತ. “ಹಳ್ಳಕ್ಕೆ ಬಿದ್ದ ಗಾಡಿ ಮತ್ತೇನಾಗುತ್ತೆ?”

“ಅಳತೆ ತೆಗೆದ್ರಾ?”

“ಇಷ್ಟು ವರ್ಷ ಗಾಡಿ ಓಡಿಸಿದೋನಿಗೆ ಅಳತೆ ಬೇರೆ ಬೇಕಾ?”

“ನಾನೂ ಇಷ್ಟು ವರ್ಷ ಹೊಲಿದಿದೀನಿ. ಆದರೂ ಅಳತೆ ತೆಗೀದೆ ಕತ್ತರಿ ಇಡಲ್ಲ.”

ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಎದ್ದು ಹೋಗಿ ಜಾಕ್ ತಂದರು. ಲಾರಿಯ ಕಾಲದ ಜಾಕ್ ಅದು, ನನ್ನಿಂದ ಎತ್ತಲೂ ಆಗುವುದಿಲ್ಲ. ಟ್ರೇಲರಿನ ಅಡಿಗೆ ನೂಕಿ, ಎಡಚಕ್ರದ ಒಳಗಡೆ, ಆಕ್ಸಲ್ಲಿನ ಕೊಳವೆಗೇ ಕೊಟ್ಟು ಎತ್ತಿದರು. ಚಕ್ರ ನೆಲ ಬಿಟ್ಟಿತು. ಅದರ ತಲೆಗೊಂದು ಬುಡಕ್ಕೊಂದು ಕೈ ಕೊಟ್ಟು ಅಲ್ಲಾಡಿಸಿದರು. ಬೇರಿಂಗ್ ಸಡಿಲಾಗಿದ್ದರೆ ಅಲ್ಲಿ ಲೊಡಲೊಡ ಎನ್ನಬೇಕು, ಎನ್ನಲಿಲ್ಲ. ಚಕ್ರವನ್ನು ತಿರುಗಿಸಿ ಬಿಟ್ಟು ಕಿವಿಗೊಟ್ಟರು. ಗರಗರ ಸದ್ದಿಲ್ಲದೆ ತಿರುಗಿ ನಿಂತಿತು. ಸ್ಪ್ರಿಂಗ್ ಪಟ್ಟಿಗಳನ್ನು ಎರಡೂ ಕಡೆ ನೋಡಿದರು, ಒಂದೂ ಒಡೆದಿರಲಿಲ್ಲ.

“ನಾನು ಹೇಳಲಿಲ್ವಾ? ಆಕ್ಸಲ್ಲೇ,” ಎಂದರು. ತಾನು ಸರಿ ಎಂದು ಗೊತ್ತಾದರೆ ಸಾಕು, ಮಗಳ ಮನಸ್ಸು ಮುರಿದದ್ದೂ ಮರೆತುಹೋಗುತ್ತದೆ ಈ ಮನುಷ್ಯನಿಗೆ.

ನಾನು ಟ್ರೇಲರಿನೊಳಗಿಂದ ನನ್ನ ಟೇಪು, ಸೀಮೆಸುಣ್ಣ, ಗಟ್ಟಿ ದಾರದ ಉಂಡೆ ತಂದೆ. ಬಟ್ಟೆ ನೆಟ್ಟಗೆ ಇಳಿಯುತ್ತದೋ ಇಲ್ಲವೋ ನೋಡುವುದಕ್ಕೆ ನಾನು ದಾರದ ತುದಿಗೆ ಕತ್ತರಿ ಕಟ್ಟಿ ಇಳಿಬಿಡುತ್ತೇನೆ. ಚಕ್ರವೂ ಅಷ್ಟೇ ತಾನೇ, ನೆಟ್ಟಗೆ ಇಳಿಯಬೇಕು.

“ಈ ನೆಲಾನೇ ಓರೆ. ಇಲ್ಲಿ ಅಳೆದರೆ ಎಲ್ಲಾ ಓರೆ ಕಾಣುತ್ತೆ,” ಎಂದರು.

ಅದು ನಿಜ. ನಮ್ಮ ಅಂಗಳ ಎಡಕ್ಕೆ ಇಳಿಜಾರು. ಮನೆ ಕಟ್ಟಿದ ಮೇಸ್ತ್ರಿಗೆ ಅಂಗಳ ಎಂದರೆ ಅಸಡ್ಡೆ. ಕೊನೆಗೆ ಜಾಕ್ ಇಳಿಸಿ, ಜೀಪು ಕಟ್ಟಿ ಟ್ರೇಲರನ್ನು ಮುಂದಿನ ಬೀದಿಗೆ ಎಳೆದು, ನೆಲ ಮಟ್ಟವಾಗಿರುವ ಕಡೆ ನಿಲ್ಲಿಸಿದರು. ಎದುರುಮನೆಯವರು ಕಿಟಕಿಯಿಂದ ಇಣುಕಿ, “ಮತ್ತೆ ಟೂರಾ?” ಎಂದರು. “ಇಲ್ಲ, ಟ್ರೇಲರಿಗೆ ಲಂಗ ಹೊಲೀಬೇಕು, ಅಳತೆ ತಗೋತಿದೀನಿ,” ಎಂದೆ.

ಮೊದಲು ಎರಡು ಚಕ್ರಗಳ ಮುಂದಿನ ಅಂಚುಗಳ ನಡುವೆ ಟೇಪು ಹಿಡಿದೆವು, ಆಮೇಲೆ ಹಿಂದಿನ ಅಂಚುಗಳ ನಡುವೆ. ಎರಡೂ ಒಂದೇ. ಅಂದರೆ ಚಕ್ರಗಳು ಮುಂದಕ್ಕೆ ನೇರವಾಗಿಯೇ ಉರುಳುತ್ತಿದ್ದವು. ಆಮೇಲೆ ಬಲಗಡೆಯ ಟೈರಿನ ತಲೆಯಿಂದ ದಾರ ಇಳಿಬಿಟ್ಟೆ. ಕತ್ತರಿ ತೂಗಾಡಿ ನಿಂತಿತು. ದಾರ ಟೈರಿನ ಮೇಲೂ ಕೆಳಗೂ ಹೆಚ್ಚುಕಡಿಮೆ ತಾಗಿಕೊಂಡೇ ಇತ್ತು. ಎಡಗಡೆಗೆ ಬಂದೆ. ದಾರ ಟೈರಿನ ತಲೆಯನ್ನು ಮುಟ್ಟಿ, ಬುಡದ ಹತ್ತಿರ ಬರುವಾಗ ಎರಡು ಬೆರಳು ತೂರುವಷ್ಟು ದೂರ ನಿಂತಿತ್ತು.

“ತಲೆ ಹೊರಕ್ಕೆ ವಾಲಿದೆ,” ಎಂದೆ.

“ಒಳಕ್ಕೆ ಇರಬೇಕು. ಸರಿಯಾಗಿ ಹಿಡಿ.”

“ದಾರಕ್ಕೆ ನಿಮ್ಮ ಹಾಗೆ ಹಟ ಇಲ್ಲ. ಬಂದು ನೋಡಿ.”

ಬಂದು ನೋಡಿದರು. ತಾವೇ ದಾರ ಹಿಡಿದು ನೋಡಿದರು. ಟೈರಿನ ಬೋಳು ಅಂಚಿನ ಮೇಲೆ ಕೈಯಾಡಿಸಿದರು. ಬೋಳಾಗಿದ್ದದ್ದು ಹೊರಗಿನ ಅಂಚು. ಕೋಪದಲ್ಲಿದ್ದವರಿಗೆ ಬೆಳಗಿನಿಂದ ಅಂಚು ಕಂಡಿತ್ತೇ ಹೊರತು, ಯಾವ ಅಂಚು ಎಂಬುದು ಕಂಡಿರಲಿಲ್ಲ.

“ಏನಾಯ್ತು?” ಎಂದೆ. ಕೆಣಕಿದರೆ ನಾಲ್ಕು ಮಾತು ವಾಪಸು ಕೊಡುವವರು ಸುಮ್ಮನಾದರೆ ನನಗೆ ಹೆದರಿಕೆ.

ಚಕ್ರದ ಪಕ್ಕ ಕುಕ್ಕರಿಸಿ ಮೆಲ್ಲಗೆ ಹೇಳಿದರು. “ಹಳ್ಳಕ್ಕೆ ಬಿದ್ದರೆ ಚಕ್ರಕ್ಕೆ ಕೆಳಗಿಂದ ಪೆಟ್ಟು. ಆಕ್ಸಲ್ ತುದಿ ಮೇಲಕ್ಕೆ ಬಗ್ಗುತ್ತೆ. ಚಕ್ರದ ತಲೆ ಒಳಕ್ಕೆ ವಾಲುತ್ತೆ, ಒಳಗಿನ ಅಂಚು ಸವೆಯುತ್ತೆ. ಇದು ಉಲ್ಟಾ. ತುದಿ ಕೆಳಕ್ಕೆ ಬಗ್ಗಿದೆ.”

“ಅಂದ್ರೆ ಹಳ್ಳ ಅಲ್ಲ.”

“ಹಳ್ಳ ಅಲ್ಲ.”

“ಮತ್ತೆ ಏನು?”

ಅವರಿಗೆ ಆಗಲೇ ಗೊತ್ತಾಗಿತ್ತು ಎಂದು ನನಗೆ ಈಗಲೂ ಅನುಮಾನ. ನಾನು ಟಾರ್ಚು ತಂದು, ಬೀದಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿಕೊಂಡು ಟ್ರೇಲರಿನ ಅಡಿಗೆ ತೂರಿದೆ. ಎದುರುಮನೆಯ ಕಿಟಕಿ ಇನ್ನಷ್ಟು ತೆರೆಯಿತು. ಆಕ್ಸಲ್ಲಿನ ಕೊಳವೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಲ್ಲಿ ಸವರುತ್ತ ಬಂದೆ. ಬಟ್ಟೆಯ ಗಂಟು ಹುಡುಕುವುದೂ ಹೀಗೆಯೇ. ಎಡಚಕ್ರದ ಒಳಗಡೆ, ಸ್ಪ್ರಿಂಗ್ ಪಟ್ಟಿಯಿಂದ ಗೇಣು ದೂರದಲ್ಲಿ, ಬೆರಳು ಗುಳಿಗೆ ಇಳಿಯಿತು. ಟಾರ್ಚಿನ ಬೆಳಕು ಬಿಟ್ಟೆ. ಬಣ್ಣ ಎದ್ದುಹೋಗಿ ತುಕ್ಕು ಹಿಡಿದ ದುಂಡನೆಯ ತಗ್ಗು, ಅದರೊಳಗೆ ಗೆರೆಗಳ ಗುರುತು. ಆ ಗೆರೆಗಳನ್ನು ನಾನು ಬೆಳಿಗ್ಗೆಯಷ್ಟೇ ನೋಡಿದ್ದೆ, ಜಾಕಿನ ತಲೆಯ ಮೇಲೆ.

“ರೀ,” ಎಂದೆ. “ಕೆಳಗೆ ಬನ್ನಿ.”

ಪಕ್ಕದಲ್ಲಿ ಬಂದು ಮಲಗಿದರು. ಇಬ್ಬರೂ ಮುಖ ಮೇಲೆ ಮಾಡಿಕೊಂಡು ಆ ಗುಳಿಯನ್ನು ನೋಡಿದೆವು.

ನಡೆದದ್ದು ಇಷ್ಟು. ಲಾರಿಯ ಆಕ್ಸಲ್ ಎಂದರೆ ಬೆಟ್ಟ. ಅದಕ್ಕೆ ಜಾಕ್ ಕೊಟ್ಟು ಲಾರಿಯನ್ನೇ ಎತ್ತಬಹುದು, ಏನೂ ಆಗುವುದಿಲ್ಲ. ಟ್ರೇಲರಿನದು ಟೊಳ್ಳು ಕೊಳವೆ. ಅದಕ್ಕೆ ಜಾಕ್ ಕೊಡಬಾರದು, ಮೇಲೆ ಮೈ ಹೊತ್ತ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಕೊಡಬೇಕು. ಇವರ ಕೈಗೆ ಅಭ್ಯಾಸವಾದದ್ದು ಲಾರಿ. ಒಂದೆರಡು ಸಲ ಚಕ್ರ ಬಿಚ್ಚುವುದಕ್ಕೆ ಎತ್ತಿ ಇಳಿಸಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಇವರು ಅಷ್ಟಕ್ಕೆ ಬಿಟ್ಟಿರಲಿಲ್ಲ. ಅಂಗಳ ಎಡಕ್ಕೆ ಇಳಿಜಾರಲ್ಲವೇ, ಟ್ರೇಲರ್ ಅಲ್ಲಿ ನಿಂತಾಗ ನನ್ನ ಹೊಲಿಗೆ ಮೆಷಿನ್ನು ತುಳಿದ ಹಾಗೆಲ್ಲ ಕಿಟಕಿಯ ಕಡೆ ನಡೆದುಕೊಂಡು ಹೋಗುತ್ತಿತ್ತು. ಸಮ ಮಾಡಿಕೊಡಿ ಎಂದು ನಾನು ಗೊಣಗಿದೆ. ಇವರು ಎಡಗಡೆ ಆಕ್ಸಲ್ಲಿಗೆ ಜಾಕ್ ಕೊಟ್ಟು ಎತ್ತಿ, ಮಟ್ಟ ನೋಡಿ, ಹಾಗೇ ಬಿಟ್ಟರು. ಪುಟ್ಟಿ ಟ್ರೇಲರ್ ಕೊಂಡೊಯ್ಯುವ ಮೊದಲೇ, ತಿಂಗಳುಗಟ್ಟಲೆ. ಮೆಷಿನ್ನು, ಬಟ್ಟೆಯ ಥಾನುಗಳು, ಅಳತೆ ಕೊಡಲು ಬರುವ ಗಿರಾಕಿಗಳು, ಸಣ್ಣಗಿಲ್ಲದ ನಾನು, ಇಷ್ಟೂ ಭಾರ ಆ ಗುಳಿಯ ಮೇಲೆ ಕೂತಿತ್ತು.

“ನೀನೇ ತಾನೇ ಸಮ ಮಾಡು ಅಂದಿದ್ದು?” ಎಂದರು.

“ನೆಲ ಸಮ ಮಾಡಿ ಅಂದೆ. ಆಕ್ಸಲ್ ಬಗ್ಗಿಸಿ ಅನ್ನಲಿಲ್ಲ.”

ಹೊರಗೆ ಬಂದು ಮೈ ಕೊಡವಿಕೊಳ್ಳುವಾಗ, “ನೋಡು, ಇದನ್ನ ಎಲ್ಲಾ ಕಡೆ ಸಾರಬೇಡ,” ಎಂದರು. “ಹೊಸ ಆಕ್ಸಲ್ ಹಾಕೋಣ. ಗಾಡಿ ರೆಡಿ ಇದೆ, ಬಂದು ತಗೊಂಡು ಹೋಗು ಅಂತ ಅವಳಿಗೆ ನೀನೇ ಹೇಳು. ಅಷ್ಟು ಸಾಕು.”

ನನಗೆ ಮೈಯೆಲ್ಲ ಉರಿದುಹೋಯಿತು. “ಅವಳಿಗೆ ಅಂದಿದ್ದು ನಾಲ್ಕು ಜನರ ಮುಂದೆ. ಈಗ ಹೇಳೋದು ನನ್ನ ಸೆರಗಿನ ಹಿಂದೆ ನಿಂತ್ಕೊಂಡಾ? ನೀವೇ ಹೇಳ್ಬೇಕು. ಬಾಯಿ ಬಿಟ್ಟು, ಜನರ ಮುಂದೆ.”

“ಅಪ್ಪ ಮಗಳ ಹತ್ರ ಕ್ಷಮೆ ಕೇಳಬೇಕಾ?”

“ಕೇಳಿ. ಬಾಯೇನೂ ಸವೆಯಲ್ಲ.”

ಆ ದಿನ ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೇಳಲಿಲ್ಲ, ಎದ್ದು ತಾವೇ ತೆಗೆದುಕೊಂಡರು. ನಾನೂ ಸುಮ್ಮನಿದ್ದೆ. ಮುನಿಸಿನಲ್ಲಿ ನನ್ನನ್ನು ಗೆದ್ದವರು ಈ ಮನೆಯಲ್ಲಿ ಯಾರೂ ಇಲ್ಲ.

ಮಾರನೆಯ ದಿನ ಬಿಡಿಭಾಗದ ಅಂಗಡಿಗೆ ಹೋದೆವು. ಚಕ್ರ ಕೂರುವ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಎಷ್ಟು, ಎರಡು ಸ್ಪ್ರಿಂಗುಗಳ ನಡುವೆ ಎಷ್ಟು, ಕೊಳವೆಯ ದಪ್ಪ ಎಷ್ಟು, ಎಲ್ಲ ಅಳತೆಯೂ ನನ್ನ ಹತ್ತಿರ ಇತ್ತು. ಅಂಗಡಿಯವನು ಗೋಡೆಗೆ ಒರಗಿಸಿದ್ದ ಆಕ್ಸಲ್ಲುಗಳಲ್ಲಿ ಒಂದನ್ನು ಎಳೆದು ನೆಲದ ಮೇಲೆ ಮಲಗಿಸಿದ. ಅದು ಪೂರ್ತಿ ನೇರವಾಗಿರಲಿಲ್ಲ, ನಡುವೆ ತುಸು ಉಬ್ಬಿತ್ತು.

“ಇದೂ ಬಗ್ಗಿದೆಯಲ್ಲ!” ಎಂದೆ.

“ಬೇಕಂತಲೇ ಹಾಗೆ ಮಾಡಿರ್ತಾರಮ್ಮಾ. ಉಬ್ಬು ಮೇಲಕ್ಕೆ ಬರಬೇಕು. ಮೇಲೆ ಭಾರ ಕೂತ ಮೇಲೆ ನೇರ ಆಗುತ್ತೆ. ಉಲ್ಟಾ ಹಾಕಿದ್ರೆ ಕೆಟ್ಟಿತು. ಸ್ಪ್ರಿಂಗಿಗೆ ಬಿಗಿಯೋ ಯು-ಬೋಲ್ಟುಗಳು ಹೊಸದೇ ಹಾಕಿ, ಹಳೇದನ್ನ ಮತ್ತೆ ಬಿಗೀಬೇಡಿ,” ಎಂದು ಹೇಳಿ, ಕಟ್ಟುತ್ತ ಕೇಳಿದ, “ಹಳೇದು ಹೇಗೆ ಬಗ್ಗಿತು?”

“ರಸ್ತೆ ಸರಿ ಇಲ್ಲ,” ಎಂದರು ನಮ್ಮವರು.

ನಾನು ಅವರ ಕಡೆ ನೋಡಿದೆ. ಅವರು ಅಂಗಡಿಯ ಸೂರು ನೋಡಿದರು.

ಅಂಗಡಿಯವನ ಮೆಕ್ಯಾನಿಕ್ ಬರುವುದು ಮುಂದಿನ ವಾರವಂತೆ. ಅಷ್ಟರಲ್ಲಿ ಸೋಮವಾರ ಕಳೆದುಹೋಗುತ್ತಿತ್ತು. ನಾವೇ ಹಾಕಬೇಕು. ಬಿಚ್ಚುವುದು ಒಬ್ಬರಿಂದ ಆಗುತ್ತದೆ, ಹೊಸದನ್ನು ಎತ್ತಿ ಸ್ಪ್ರಿಂಗಿಗೆ ಕೂರಿಸುವುದಕ್ಕೆ ಎರಡು ಕಡೆ ಎರಡು ಜನ ಬೇಕು. ನನ್ನ ಸೊಂಟ ನಂಬಿಕೆಗೆ ಅರ್ಹವಲ್ಲ. ಪುಟ್ಟಿಗೆ ಫೋನ್ ಮಾಡಿದೆ.

“ಅಪ್ಪ ಕರೀತಿದ್ದಾರಾ, ನೀನು ಕರೀತಿದ್ದೀಯಾ?” ಎಂದಳು.

“ನಾನು. ಒಬ್ಬರೇ ಎತ್ತೋಕೆ ಹೋಗಿ ಅವರ ಬೆನ್ನು ಹಿಡ್ಕೊಂಡ್ರೆ ಆಮೇಲೆ ಅವರನ್ನ ಎತ್ತೋಕೆ ಜನ ಹುಡುಕಬೇಕು.”

“ಬರ್ತೀನಿ,” ಎಂದಳು.

ಶನಿವಾರ ಬಂದಳು. ಬಸ್ಸು ತಪ್ಪಿತೆಂದು ಜೊತೆಗೆ ಕೆಲಸ ಮಾಡುವ ಗೆಳತಿ ಸ್ಕೂಟರಿನಲ್ಲಿ ಕರೆತಂದಿದ್ದಳು; ಅವತ್ತಿನ ಕೂಗಾಟ ಕೇಳಿದ ಇಬ್ಬರಲ್ಲಿ ಒಬ್ಬಳು. ಬಿಟ್ಟು ಹೊರಡುತ್ತೇನೆಂದವಳನ್ನು ಚಹಾ ಕುಡಿದು ಹೋಗು ಎಂದು ಕೈ ಹಿಡಿದು ಕೂರಿಸಿದೆ. ನನಗೆ ಸಾಕ್ಷಿ ಬೇಕಿತ್ತು.

ಇವರು ಬೆಳಿಗ್ಗೆಯೇ ಕೆಲಸ ಶುರುಮಾಡಿದ್ದರು. ಜಾಕನ್ನು ಈ ಸಲ ಚಾಸಿಗೆ ಕೊಟ್ಟು, ನಡುವೆ ಮರದ ಹಲಗೆ ಇಟ್ಟು ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ನಿಲ್ಲಿಸಿದ್ದರು. ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಬ್ರೇಕಿನ ತಂತಿಗಳನ್ನು ಬಿಡಿಸಿ, ಯಾವುದು ಯಾವುದಕ್ಕೆ ಎಂದು ನನ್ನ ಬಣ್ಣದ ದಾರಗಳಿಂದ ಗುರುತು ಕಟ್ಟಿದ್ದರು. ಯು-ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು ಕಾದು, ಕೊನೆಗೆ ಗ್ರೈಂಡರಿನಲ್ಲಿ ಕತ್ತರಿಸಿದರು. ಕಿಡಿ ಹಾರುವಾಗ ಪುಟ್ಟಿ ದೂರ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೆಲಸ ಮಾಡಿದರು. “ಹನ್ನೆರಡರ ಪಾನಾ,” ಎನ್ನುವರು ಇವರು ಗಾಳಿಗೆ. ಪಾನಾ ಕೈಗೆ ಬರುವುದು. ಚಿಕ್ಕಂದಿನಲ್ಲೂ ಅವಳು ಹೀಗೆಯೇ ಲಾರಿಯ ಪಕ್ಕ ನಿಂತು ಪಾನಾ ಎತ್ತಿಕೊಡುತ್ತಿದ್ದಳು.

ಹಳೆಯ ಆಕ್ಸಲನ್ನು ಇಬ್ಬರೂ ಹಿಡಿದು ಇಳಿಸಿ ಅಂಗಳದ ನಡುವೆ ಎಳೆದು ಹಾಕಿದರು. ಅದು ಅರ್ಧ ಸುತ್ತು ಉರುಳಿ, ಗುಳಿ ಇದ್ದ ಮಗ್ಗುಲು ಮೇಲೆ ಮಾಡಿಕೊಂಡು ನಿಂತಿತು. ಪುಟ್ಟಿ ಬಗ್ಗಿ ಅದರೊಳಗೆ ಬೆರಳಿಟ್ಟಳು.

“ಇದೇನು ಇದು?”

ಇವರು ಥಟ್ಟನೆ ಟ್ರೇಲರಿನ ಅಡಿಗೆ ತೂರಿಕೊಂಡರು. ಸ್ಪ್ರಿಂಗ್ ಪಟ್ಟಿಯ ಮೇಲಿನ ತುಕ್ಕು ಒರೆಸಬೇಕಿತ್ತಂತೆ. ಹೊರಗೆ ಕಾಣುತ್ತಿದ್ದುದು ಎರಡು ಕಾಲು ಮಾತ್ರ. ಆ ಕಾಲುಗಳ ಕಡೆಯಿಂದ ಮಾತು ಬಂತು.

“ಜಾಕ್ ಗುರುತು. ನಾನೇ ಕೊಟ್ಟಿದ್ದು. ಅದರಿಂದಲೇ ಬಗ್ಗಿರೋದು. ನೀನು ಯಾವ ಹಳ್ಳಕ್ಕೂ ಇಳಿಸಿಲ್ಲ.”

“ಹೊರಗೆ ಬಂದು ಹೇಳಿ,” ಎಂದೆ ನಾನು. “ಟ್ರೇಲರಿನ ತಳಕ್ಕೆ ಏನು ಹೇಳ್ತೀರಿ, ಅದೇನು ಬೇಜಾರು ಮಾಡ್ಕೊಂಡಿಲ್ಲ.”

ಗೆಳತಿ ಚಹಾ ಲೋಟದೊಳಗೆ ನಗು ಬಚ್ಚಿಟ್ಟಳು. ಇವರು ನಿಧಾನಕ್ಕೆ ಹೊರಗೆ ಬಂದರು. ಹಣೆಯ ಮೇಲೆ ಗ್ರೀಸು, ಕೂದಲಲ್ಲಿ ತುಕ್ಕು. ಎದ್ದು ನಿಂತು, ಕೈ ಒರೆಸಿಕೊಂಡು, ಮೊದಲು ಗೆಳತಿಯ ಕಡೆ, ಆಮೇಲೆ ಮಗಳ ಕಡೆ ನೋಡಿದರು.

“ಅವತ್ತು ನಾನು ಬೈದದ್ದು ತಪ್ಪು. ಆಕ್ಸಲ್ ಬಗ್ಗಿಸಿದ್ದು ನಾನು. ಟೈರು ಸಿಡಿದಿದ್ದೂ ಅದಕ್ಕೇ.”

ಇಷ್ಟಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಪುಟ್ಟಿಯ ಮುಖ ಸಡಿಲಾಗಲಿಲ್ಲ.

“ಆ ದಾರೀಲಿ ಹಳ್ಳ ಎಲ್ಲಿತ್ತು ಅಂತ ಯೋಚನೆ ಮಾಡಿ ಮಾಡಿ ತಲೆ ಕೆಟ್ಟುಹೋಗಿತ್ತು ಅಪ್ಪ,” ಎಂದಳು. “ಒಂದೂ ನೆನಪಾಗ್ತಿರ್ಲಿಲ್ಲ. ಅಷ್ಟು ದೊಡ್ಡ ಹಳ್ಳ ನನಗೆ ಗೊತ್ತೇ ಆಗಿಲ್ಲ ಅಂದ್ರೆ, ನಾನು ರಸ್ತೆ ನೋಡದೆ ಓಡಿಸ್ತಿದೀನಿ ಅಂತ ಆಯ್ತಲ್ಲ. ಹಿಂದೆ ಇಬ್ಬರನ್ನ ಕೂರಿಸ್ಕೊಂಡು. ನೀವು ಹೇಳಿದ್ರೆ ಸುಳ್ಳಿರಲ್ಲ ಅಂತ ಗಾಡಿ ಮುಟ್ಟೋದೇ ಬಿಟ್ಟೆ.”

ಇವರು ಕೈ ಒರೆಸಿಕೊಂಡ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸಿದರು.

“ಆಮೇಲೆ ನೀವು ಬೈದಿದ್ದು ಆಕ್ಸಲ್ ವಿಷಯಕ್ಕಲ್ಲ. ಸ್ಟೇರಿಂಗ್ ಕೊಟ್ಟಿದ್ದೇ ತಪ್ಪು ಅಂದ್ರಿ. ಅದನ್ನೂ ವಾಪಸು ತಗೋತೀರಾ?”

“ತಗೋತೀನಿ,” ಎಂದರು. “ನಿನಗೆ ಕಲಿಸಿದ್ದು ನಾನು. ನಿನ್ನ ಡ್ರೈವಿಂಗ್ ಹೇಗೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.”

ಅವಳು ಬಗ್ಗಿ ಹೊಸ ಆಕ್ಸಲ್ಲಿನ ಒಂದು ತುದಿ ಹಿಡಿದಳು. “ಉಬ್ಬು ಮೇಲಕ್ಕೆ ತಾನೇ?” ಎಂದಳು. ಇವರು ಓಡಿಬಂದು ಇನ್ನೊಂದು ತುದಿ ಹಿಡಿದರು.

ಎತ್ತಿ ಕೂರಿಸುವುದೇ ಕಷ್ಟದ ಕೆಲಸ. ಸ್ಪ್ರಿಂಗಿನ ನಡುವಿನ ಬೋಲ್ಟಿನ ತಲೆ ಆಕ್ಸಲ್ಲಿನ ಪೀಠದ ತೂತಿಗೆ ಸರಿಯಾಗಿ ಇಳಿಯಬೇಕು. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. “ನಿನ್ನ ಕಡೆ ಚೂರು ಹಿಂದೆ... ಜಾಸ್ತಿ ಆಯ್ತು... ಬಾ ಬಾ ಬಾ...” ಎಂದು ಇವರು, “ತಡೀರಿ ಅಪ್ಪ, ಬೆರಳು ಸಿಕ್ಕಿಕೊಂಡಿದೆ,” ಎಂದು ಅವಳು. ಕೊನೆಗೆ ಠಕ್ ಎಂದು ಎರಡೂ ಕಡೆ ಕೂತಿತು. ಹೊಸ ಯು-ಬೋಲ್ಟು ಹಾಕಿ, ಎದುರುಬದುರಾಗಿ ಒಂದೊಂದೇ ನಟ್ಟನ್ನು ಸ್ವಲ್ಪಸ್ವಲ್ಪ ಬಿಗಿಯುತ್ತ ಬಂದರು. ಬ್ರೇಕಿನ ತಂತಿಗಳನ್ನು ದಾರದ ಬಣ್ಣ ನೋಡಿ ಸೇರಿಸಿದರು. ಬೇರಿಂಗಿಗೆ ಗ್ರೀಸು ತುಂಬಿ, ಚಕ್ರ ಹಾಕಿ ಇಳಿಸಿದ ಮೇಲೆ ನಾನು ಬೀದಿಯ ಸಮನೆಲದಲ್ಲಿ ಮತ್ತೆ ದಾರ ಇಳಿಬಿಟ್ಟೆ. ಎರಡೂ ಚಕ್ರ ನೆಟ್ಟಗಿದ್ದವು. ನನಗೆ ಒಳ್ಳೆಯ ರವಿಕೆ ಹೊಲಿದಷ್ಟು ಸಂತೋಷವಾಯಿತು.

“ಸ್ವಲ್ಪ ದೂರ ಓಡಿಸಿ ನಟ್ಟು ಇನ್ನೊಂದ್ಸಲ ಬಿಗೀಬೇಕು,” ಎಂದರು ಇವರು. ಕೀಲಿಕೈ ಹಿಡಿದು ಮಗಳ ಮುಂದೆ ಚಾಚಿದರು. “ನೀನು ಓಡ್ಸು.”

ಪುಟ್ಟಿ ತುಂಬ ಹೊತ್ತು ಆ ಕೈಯನ್ನೇ ನೋಡಿದಳು. ತೆಗೆದುಕೊಂಡಳು.

ಇವರು ಪಕ್ಕದ ಸೀಟಿನಲ್ಲಿ ಕೂತರು, ನಾನೂ ಗೆಳತಿಯೂ ಹಿಂದೆ. ಊರಾಚೆಯ ಪೆಟ್ರೋಲ್ ಬಂಕಿನವರೆಗೆ ಹೋದೆವು. ದಾರಿಯುದ್ದಕ್ಕೂ ಇವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆದರೆ ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಎದುರಿಗೆ ಬಸ್ಸು ಬಂದರೆ ಕೈ ಬಾಗಿಲಿನ ಹಿಡಿಯನ್ನು ಹಿಚುಕುತ್ತಿತ್ತು. ಪುಟ್ಟಿಯ ಕತ್ತಿನ ನರ ಬಿಗಿದುಕೊಂಡಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಬಂಕಿನಲ್ಲಿ ನಿಲ್ಲಿಸಿ, ಇಳಿದು, ಒಂದೊಂದು ಚಕ್ರದ ನಟ್ಟನಡುವೆ, ಬೇರಿಂಗ್ ಇರುವಲ್ಲಿ, ಅಂಗೈ ಮುಟ್ಟಿಸಿ ಬಿಸಿಯಾಗಿದೆಯೇ ನೋಡಿದಳು, ಆಗಿರಲಿಲ್ಲ. ತಾನೇ ನಟ್ಟುಗಳನ್ನು ಬಿಗಿದಳು. ಇವರು ಪಕ್ಕದಲ್ಲಿ ನಿಂತು ಮುಖ ಅರಳಿಸಿಕೊಂಡು ನೋಡುತ್ತಿದ್ದರು.

“ಸೋಮವಾರ ಎಷ್ಟೊತ್ತಿಗೆ ಹೊರಡೋದು?” ಎಂದು ಕೇಳಿದರು. “ನಾನು ಮುಂದಿನ ಸೀಟಲ್ಲಿ ಕೂತ್ಕೋತೀನಿ. ಹೊಸ ಆಕ್ಸಲ್ಲು, ಒಬ್ಬ ಅನುಭವ ಇರೋನು ಇದ್ದರೆ ಒಳ್ಳೇದು.”

ಪುಟ್ಟಿ ಪಾನಾವನ್ನು ಚೀಲಕ್ಕೆ ಹಾಕಿದಳು. “ನೀವು ಬರಬೇಡಿ ಅಪ್ಪ.”

“ಯಾಕೆ? ದಾರೀಲಿ ನಾನೇನಾದ್ರೂ ಅಂದ್ನಾ?”

“ಅನ್ನಲಿಲ್ಲ. ಆದರೂ ಬರೀ ನಿಮ್ಮ ಕಾಲನ್ನೇ ನೋಡ್ತಿದ್ದೆ. ರಸ್ತೆ ನೋಡಲಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಪಕ್ಕದಲ್ಲಿದ್ರೆ ನನಗೆ ಓಡಿಸೋಕಾಗಲ್ಲ. ನಾನೇ ಓಡಿಸ್ತೀನಿ, ನೀವು ಮನೇಲಿರಿ.”

ಇವರ ಮುಖ ಬಾಡಿತು. ನನಗೆ ಮಗಳ ಮೇಲೆ ಒಂದು ಕ್ಷಣ ಸಿಟ್ಟೂ ಬಂತು. ಇಷ್ಟೆಲ್ಲ ಆದ ಮೇಲೆ ಪಾಪ, ಕರೆದುಕೊಂಡು ಹೋದರೆ ಇವಳ ಗಂಟೇನು ಹೋಗುತ್ತಿತ್ತು ಅನ್ನಿಸಿತು. ಆದರೆ ಅವಳು ಹೇಳಿದ್ದು ನಿಜ ಎಂದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಆಗಲಿ,” ಎಂದರು. ಹಿಂತಿರುಗುವಾಗ ತಾವಾಗಿಯೇ ಹಿಂದಿನ ಸೀಟಿಗೆ ಬಂದು ನನ್ನ ಪಕ್ಕ ಕೂತು, ಜೋಡಿಸಿಕೊಂಡ ಕಾಲುಗಳ ಮೇಲೆ ಕೈಯಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಅವಳೂ ಗೆಳತಿಯೂ ಬಂದು ಪೆಟ್ಟಿಗೆಗಳನ್ನು ಟ್ರೇಲರಿಗೆ ತುಂಬಿದರು, ಗೋಡೆಗೆ ಕಂಬಳಿ ಕಟ್ಟಿದರು. ಇವರು ಸ್ನಾನಕ್ಕೆ ಹೋಗುತ್ತೇನೆಂದು ಒಳಗೆ ಹೋದವರು ಹೊರಗೆ ಬರಲಿಲ್ಲ. ಪುಟ್ಟಿ ಬಾಗಿಲ ಕಡೆ ಒಂದು ಸಲ ನೋಡಿ, “ಅಪ್ಪ, ಬರ್ತೀನಿ,” ಎಂದು ಕೂಗಿದಳು. “ಹೂಂ,” ಎಂದು ಒಳಗಿಂದ ಬಂತು. ಗೇಟಿನ ಹತ್ತಿರ ತಿರುಗಿಸುವುದು ಇಕ್ಕಟ್ಟು. ಒಂದು ಸಲ ಹಿಂದೆ ತೆಗೆದು, ಮತ್ತೆ ಮುಂದೆ ಮಾಡಿ, ಗೋಡೆಗೆ ಸೋಕಿಸದೆ ಬೀದಿಗೆ ಇಳಿಸಿಕೊಂಡು ಹೋದಳು. ಕೈ ಬೀಸಲಿಲ್ಲ; ಅವಳ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು.

ನಾನು ಒಳಗೆ ಬಂದೆ. ಇವರು ಒಣ ಮೈಯಲ್ಲಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಅಡುಗೆಮನೆಯ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು. ಕಣ್ಣು ಮುಚ್ಚಿತ್ತು. ಬೀದಿಯ ಕೊನೆಯಲ್ಲಿ ಜೀಪು ಏರು ಹತ್ತುವ ಸದ್ದು ಕೇಳುತ್ತಿತ್ತು.

“ಎರಡನೇ ಗೇರಿಗೆ ಬೇಗ ಬಂದಳು,” ಎಂದರು.

ಸದ್ದು ಒಮ್ಮೆ ಕುಗ್ಗಿತು, ಮತ್ತೆ ಒಂದೇ ಸಮನಾಯಿತು, ಮುಖ್ಯರಸ್ತೆಯ ಕಡೆ ತಿರುಗಿ ಸಣ್ಣಗಾಗುತ್ತ ಹೋಯಿತು.

“ಓಡಿಸ್ತಾಳೆ ಬಿಡು,” ಎಂದರು. ಸದ್ದು ಪೂರ್ತಿ ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.